ಗುಡುಗಿಯ ಮೊದಲ ಹಾಡು

ನನ್ನ ನಾದಿನಿಗೆ ಚೆಂದದ ಹೆಸರೊಂದಿತ್ತು, ಆದರೆ ಅದು ಶಾಲೆಯ ಹಾಜರಿಗಷ್ಟೇ ಬಳಕೆಯಾಯಿತು. ಮನೆಯಲ್ಲೂ ಬೀದಿಯಲ್ಲೂ ಅವಳು ಗುಡುಗಿ. ಅವಳು ಹುಟ್ಟಿ ಮೊದಲ ಸಲ ಅತ್ತಾಗ, ಹೊರಗೆ ಕಾಯುತ್ತಿದ್ದ ನಮ್ಮ ಮಾವನವರು ಸದ್ದು ಕೇಳಿಯೇ ಗಂಡು ಮಗು ಎಂದು ಬೀದಿಗೆಲ್ಲ ಸಾರಿಬಿಟ್ಟಿದ್ದರಂತೆ. ಇದು ಅತ್ತೆ ಹೇಳುವ ಕತೆ. ಅತ್ತೆ ಯಾವ ಕತೆಯನ್ನೂ ಒಗ್ಗರಣೆ ಹಾಕದೆ ಹೇಳಿದವರಲ್ಲ, ಆದರೆ ದನಿಯ ವಿಷಯದಲ್ಲಿ ಮಾತ್ರ ಸುಳ್ಳಾಡಿರಲಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಬಚ್ಚಲಿನಿಂದ “ಅತ್ತಿಗೆ, ಟವೆಲ್ ಮರ್ತೆ, ಸ್ವಲ್ಪ ಕೊಡ್ತೀರಾ” ಎಂಬ ದನಿ ಕೇಳಿ, ಯಾವನೋ ಗಂಡಸು ಒಳಗೆ ಸೇರಿಕೊಂಡಿದ್ದಾನೆಂದು ಪೊರಕೆ ಹಿಡಿದು ನಿಂತಿದ್ದೆ.

ಹುಡುಗಿ ನಕ್ಕು ಸುಮ್ಮನಾಗುವ ಸ್ವಭಾವದವಳು. ಆದರೆ ಒಂದು ಮಾತು ಮಾತ್ರ ಅವಳ ಮನಸ್ಸಿನಲ್ಲಿ ನಾಟಿಕೊಂಡಿತ್ತು. ಶಾಲೆಯಲ್ಲಿ ಮಕ್ಕಳೆಲ್ಲ ಒಟ್ಟಿಗೆ ಹಾಡುವಾಗ ಹಾಡಿನ ಟೀಚರು ಇವಳ ಹತ್ತಿರ ಬಂದು, ನೀನು ಬಾಯಿ ಮಾತ್ರ ಆಡಿಸು, ದನಿ ಬಿಡಬೇಡ ಎಂದಿದ್ದರು. ಚಿಕ್ಕ ಮಗುವಿಗೆ ಹೇಳುವ ಮಾತೇ ಅದು? ಆ ಟೀಚರು ಇವತ್ತು ಎದುರಿಗೆ ಸಿಕ್ಕಿದರೂ ನಾನು ನಾಲ್ಕು ಮಾತು ಕೇಳದೆ ಬಿಡುವುದಿಲ್ಲ. ಗುಡುಗಿ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಶಾಲೆ ಮುಗಿಸುವ ತನಕ ಬಾಯಿ ಮಾತ್ರ ಆಡಿಸಿದಳು.

ನಮ್ಮವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬಸ್ ನಿಲ್ದಾಣದಲ್ಲಿ ಅನೌನ್ಸ್ ಮಾಡುತ್ತಿದ್ದ ಹೆಂಗಸು ಕೆಲಸ ಬಿಟ್ಟಾಗ ತಂಗಿಯನ್ನು ಅಲ್ಲಿಗೆ ಕರೆದುಕೊಂಡು ಹೋದರು. ಹಿಂದಿನವಳದು ತೆಳ್ಳನೆಯ ದನಿ. ನಾಲ್ಕು ಬಸ್ಸುಗಳು ಒಟ್ಟಿಗೆ ಎಂಜಿನ್ ಶುರು ಮಾಡಿದರೆ ಅದು ಮುಳುಗಿಹೋಗುತ್ತಿತ್ತು. ಗುಡುಗಿ ಮೈಕಿನ ಮುಂದೆ ಕೂತು, “ಮೂರನೇ ಅಂಕಣದ ಬಸ್ಸು ಈಗ ಹೊರಡಲಿದೆ, ಹತ್ತುವವರು ಹತ್ತಿಕೊಳ್ಳಿ” ಎಂದಳು ನೋಡಿ, ಬೆಂಚಿನ ಮೇಲೆ ನಿದ್ದೆ ಹೋಗಿದ್ದವರೆಲ್ಲ ಎದ್ದು ಕೂತರು. ಕೆಲಸ ಅಲ್ಲೇ ಸಿಕ್ಕಿತು.

“ಮೈಕ್ ಮುಂದೆ ಕೂರೋ ಹುಡುಗೀನ ಯಾರು ಮದುವೆ ಆಗ್ತಾರೋ,” ಎಂದು ಅತ್ತೆ ಗೊಣಗಿದರು.

“ಬಸ್ ತಪ್ಪಿಸ್ಕೊಂಡೋರು ಯಾರಾದ್ರೂ ಆಗ್ತಾರೆ ಬಿಡಮ್ಮ,” ಎಂದರು ನಮ್ಮವರು.

ಅವಳು ಕೂರುತ್ತಿದ್ದುದು ಗಾಜಿನ ಒಂದು ಗೂಡಿನಲ್ಲಿ. ತಲೆಯ ಮೇಲೆ ಫ್ಯಾನಿತ್ತು, ಹಾಕುವಂತಿರಲಿಲ್ಲ. ಅದರ ಗರಗರ ಸದ್ದೂ ಮೈಕಿಗೆ ಹೋಗಿ ಇಡೀ ನಿಲ್ದಾಣಕ್ಕೆ ಕೇಳುತ್ತಿತ್ತು. ಸೆಖೆಗಾಲದಲ್ಲಿ ಒದ್ದೆ ಕರವಸ್ತ್ರ ಕತ್ತಿಗೆ ಸುತ್ತಿಕೊಂಡು, ಫ್ಲಾಸ್ಕಿನಿಂದ ಬೆಚ್ಚಗಿನ ನೀರು ಗುಟುಕರಿಸುತ್ತಾ ಕೂಗುತ್ತಿದ್ದಳು. ಡ್ರೈವರುಗಳು ಆ ಗಾಜಿನ ಮುಂದೆ ಹಾದು ಹೋಗುವಾಗ ಹಣೆಗೆ ಕೈಯಿಟ್ಟು ಸಲಾಮು ಹೊಡೆಯುತ್ತಿದ್ದರು. ತಮಾಷೆಗೇ ಇರಬಹುದು, ಆದರೂ ಅವಳ ದನಿಗೆ ಮರ್ಯಾದೆ ಸಿಕ್ಕ ಮೊದಲ ಜಾಗ ಅದು.

ನಿಲ್ದಾಣದ ಎದುರು ಒಬ್ಬ ರಿಪೇರಿಯವನಿದ್ದ. ಟೇಪ್ ರೆಕಾರ್ಡರು, ಸ್ಪೀಕರು, ಮೈಕು, ಏನು ಕೆಟ್ಟರೂ ಅವನ ಕೈಗೇ ಬರಬೇಕು. ಕೆಳಗೆ ತಗಡಿನ ಪೆಟ್ಟಿಗೆ ಮಾಡುವವರ ಅಂಗಡಿ, ಮೇಲೆ ಇವನ ಕೋಣೆ. ಆ ಕೋಣೆಯ ಗೋಡೆಗೆಲ್ಲ ಮೊಟ್ಟೆಯ ಟ್ರೇಗಳನ್ನು ಅಂಟಿಸಿ, ಬಾಗಿಲಿಗೆ ಹಳೆಯ ಹಾಸಿಗೆ ಹೊಡೆದು, ಅದನ್ನು ಸ್ಟುಡಿಯೋ ಎಂದು ಕರೆದುಕೊಂಡಿದ್ದ. ಒಂದು ಕೀಬೋರ್ಡು, ತಾಳ ಹಾಕುವ ಒಂದು ಪೆಟ್ಟಿಗೆ, ದೊಡ್ಡದೊಂದು ಟೇಪ್ ಮೆಷಿನ್ ಇಟ್ಟುಕೊಂಡು, ಚಕ್ರದ ಬೂಟು ಹಾಕಿ ಜಾರುವ ಹುಡುಗರ ಅಂಗಳಕ್ಕೂ ವ್ಯಾಯಾಮದ ಕ್ಲಾಸುಗಳಿಗೂ ಕುಣಿತದ ಕ್ಯಾಸೆಟ್ಟು ಮಾಡಿಕೊಡುತ್ತಿದ್ದ. ದಿನವಿಡೀ ಕಿಟಕಿಯಲ್ಲಿ ಗುಡುಗಿಯ ಕೂಗು ಕೇಳಿ ಕೇಳಿ ಅವನ ತಲೆಯಲ್ಲಿ ಅದು ಹಾಡಾಗಿ ಕೂತಿತು. ಒಂದು ದಿನ ನಮ್ಮ ಮನೆಗೇ ಬಂದ.

“ಅಕ್ಕ, ನಿಮ್ಮ ನಾದಿನಿ ಒಂದು ಹಾಡು ಹಾಡ್ಬೇಕು. ಬಸ್ ಅನೌನ್ಸ್ ಮಾಡೋ ಥರಾನೇ, ಕುಣಿಯೋ ತಾಳದಲ್ಲಿ.”

ಗುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳು, “ನಾನು ಹಾಡಲ್ಲ,” ಎಂದಳು. ಆಮೇಲೆ ನೆಲ ನೋಡುತ್ತಾ, “ಯಾವಾಗ ಬರ್ಲಿ?” ಎಂದಳು.

ಅತ್ತೆಯ ಅಪ್ಪಣೆಯಂತೆ ಕಾವಲಿಗೆ ನಾನೂ ಹೋದೆ. ಕೆಳಗಿನ ಅಂಗಡಿಯವರು ಊಟಕ್ಕೆ ಎದ್ದು ಸುತ್ತಿಗೆ ಕೆಳಗಿಟ್ಟ ಹೊತ್ತಿನಲ್ಲೇ ರೆಕಾರ್ಡಿಂಗ್ ಮುಗಿಯಬೇಕು, ಅವನ ಕೆಲಸದ ರೀತಿಯೇ ಅದು. ಒಳಗೆ ಮೂರನೆಯವರಿಗೆ ಜಾಗವಿರಲಿಲ್ಲ. ನಾನು ಮನೆಯಲ್ಲೇ ಬಟ್ಟೆ ಆಲ್ಟರೇಶನ್ ಮಾಡುವವಳು; ಮೆಟ್ಟಿಲ ಮೇಲೆ ಕೂತು ಗಿರಾಕಿಯೊಬ್ಬರ ಪ್ಯಾಂಟಿಗೆ ಮಡಿಕೆ ಹೊಲಿದೆ. ಹಾಸಿಗೆ ಬಡಿದ ಬಾಗಿಲಿನಿಂದ ದಬದಬ ಎನ್ನುವುದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಸುತ್ತಿಗೆಯ ಸದ್ದು ಮತ್ತೆ ಶುರುವಾಗುವ ಮೊದಲೇ ಅವಳು ಬೆವರಿ ಹೊರಗೆ ಬಂದಳು. ಹಾಡಿದ್ದು ಒಂದೇ ಸಲವಂತೆ.

ಕ್ಯಾಸೆಟ್ಟು ಕೈಗೆ ಬಂದಾಗ ನಮ್ಮ ಮುಂದಿನ ಕೋಣೆಯಲ್ಲಿ ಎಲ್ಲರೂ ಕೂತು ಕೇಳಿದೆವು. ಎರಡೂ ಕಡೆ ಅದೇ ಹಾಡು. ಒಂದೇ ಹಾಡಿಗೆ ಎರಡು ಕಡೆ ಯಾಕೆ, ತಿರುಗಿಸಿ ಹಾಕುವ ಶ್ರಮ ಯಾರಿಗೆ ಎಂದು ನಮ್ಮವರು ನಕ್ಕರು. ಹಾಡು ಶುರುವಾಯಿತು:

ಹೊರಟೆ ಹೊರಟೆ, ಹತ್ತೋರು ಹತ್ಕೊಳ್ಳಿ
ಕಿಟಕಿ ಪಕ್ಕ ನಂದು, ಜಾಗ ಇದ್ರೆ ಕೂತ್ಕೊಳ್ಳಿ

ಎಳೆಯ, ತಿಳಿಯಾದ, ಮೇಲೆ ಮೇಲೆ ಹಾರುವ ದನಿ. ಆ ಮೊದಲ ‘ಹೊರಟೆ’ಯಂತೂ ಚಾವಣಿ ಮುಟ್ಟಿ ಬಂದಂತಿತ್ತು. ಅತ್ತೆ ಗೋಡೆಗೊರಗಿ ಕೂತಿದ್ದವರು ಕಾಲ್ಬೆರಳು ಕುಣಿಸತೊಡಗಿದರು. ಗುಡುಗಿಯ ಕಣ್ಣಲ್ಲಿ ನೀರು ಬಂತು.

“ಇದು ನಾನಾ?” ಎಂದಳು.

“ನೀನೇ ಕಣಮ್ಮ,” ಎಂದ ರಿಪೇರಿಯವನು. “ಸ್ವಲ್ಪ ಪಾಲಿಶ್ ಮಾಡಿದೀನಿ, ಅಷ್ಟೇ.”

ಪಾಲಿಶ್ ಎಂದರೆ ತಾಳ, ಗೆಜ್ಜೆ, ಚಪ್ಪಾಳೆ ಇವನ್ನೆಲ್ಲ ಸೇರಿಸಿದ್ದು ಎಂದು ನಾವು ತಿಳಿದೆವು. ಆ ಸಂಜೆ ಪಾತ್ರೆ ತೊಳೆಯುವಾಗ ಅವಳು ನನ್ನ ಭುಜಕ್ಕೆ ತಲೆಯಿಟ್ಟು, “ನನ್ನೊಳಗೆ ಇಂಥ ದನಿ ಇತ್ತಾ ಅತ್ತಿಗೆ? ಇಷ್ಟು ದಿನ ಎಲ್ಲಿತ್ತು?” ಎಂದಳು. ಅವಳನ್ನು ಅಷ್ಟು ಸುಖವಾಗಿ ನಾನು ಹಿಂದೆಂದೂ ನೋಡಿರಲಿಲ್ಲ.

ಹಾಡು ಜಾರುವ ಅಂಗಳದಿಂದ ಹೊರಟು ಬಸ್ಸುಗಳಿಗೆ ಹತ್ತಿತು. ಡ್ರೈವರುಗಳು ಅದನ್ನು ದೂರದ ಊರುಗಳಿಗೆ ಒಯ್ದರು. ಕ್ಯಾಸೆಟ್ ಕಂಪನಿಯೊಂದು ಹುಡುಕಿಕೊಂಡು ಬಂದು ಹಾಡನ್ನು ಕೊಂಡುಕೊಂಡಿತು, ಹೊಳೆಯುವ ಕವರು ಹಾಕಿ ಎಲ್ಲ ಕಡೆಯೂ ಬಿಟ್ಟಿತು. ಅಲ್ಲಿಂದ ಮುಂದೆ ಅದು ಕಟಿಂಗ್ ಶಾಪಿನಲ್ಲಿ, ಕಾಲೇಜಿನ ವಾರ್ಷಿಕೋತ್ಸವದಲ್ಲಿ, ಸೋಪು ಮಾರುವ ವ್ಯಾನಿನಲ್ಲಿ, ಎಲ್ಲಿ ಹೋದರೂ ಅದೇ. ನಮ್ಮ ಬೀದಿಯ ಹಾಲಿನವನು ಸೈಕಲ್ ತುಳಿಯುತ್ತಾ “ಕಿಟಕಿ ಪಕ್ಕ ನಂದು” ಎನ್ನುತ್ತಿದ್ದ. ಗುಡುಗಿಗೆ ನೆಲದ ಮೇಲೆ ಕಾಲಿರಲಿಲ್ಲ.

ಕಂಪನಿಯವರು ಅವಳನ್ನು ಸ್ಟೇಜ್ ಶೋಗಳಿಗೆ ಕರೆದೊಯ್ದರು. ಬೆಳ್ಳಿಯ ಬಣ್ಣದ ಮಿಣುಕುಬಿಲ್ಲೆಗಳ ಉಡುಪನ್ನು ನಾನೇ ಹೊಲಿದೆ. ಆಲ್ಟರೇಶನ್ ಮಾಡುವವಳ ಕೈಗೆ ಅದಕ್ಕಿಂತ ದೊಡ್ಡ ಕೆಲಸ ಬಂದಿರಲಿಲ್ಲ. ಸ್ಟೇಜಿನಲ್ಲಿ ಹಾಡುವುದೇನೂ ಇರಲಿಲ್ಲ. ಕ್ಯಾಸೆಟ್ಟೇ ಹಾಡುತ್ತಿತ್ತು, ಇವಳು ಕುಣಿಯುತ್ತಾ ತುಟಿ ಆಡಿಸಬೇಕು. ಎಲ್ಲರೂ ಹಾಗೇ ಮಾಡುವುದಂತೆ. ಅದರಲ್ಲಿ ಇವಳಿಗೆ ಶಾಲೆಯಿಂದಲೇ ಅಭ್ಯಾಸವಿತ್ತು.

ಆದರೆ ಹುಡುಗಿ ಬದಲಾಗತೊಡಗಿದಳು. ಮನೆಯಲ್ಲಿ ಮಾತಾಡುವಾಗಲೂ ಕ್ಯಾಸೆಟ್ಟಿನ ದನಿಯಲ್ಲೇ ಮಾತಾಡಲು ನೋಡುತ್ತಿದ್ದಳು. ಅದು ಅವಳಿಗೆ ಒಗ್ಗುತ್ತಿರಲಿಲ್ಲ; ಬಿಗಿಯಾದ ಬಳೆಯನ್ನು ಕೈಗೆ ತುರುಕಿದ ಹಾಗೆ ಹಿಂಸೆಯಾಗುತ್ತಿತ್ತು. ಗಾಜಿನ ಗೂಡಿನಲ್ಲೂ ಹಾಗೇ ಕೂಗಿದಳು. ಪ್ರಯಾಣಿಕರಿಗೆ ಕೇಳದೆ ಬಸ್ಸು ತಪ್ಪಿಸಿಕೊಂಡು ಜಗಳಕ್ಕೆ ಬಂದರು. ಮೇಲ್ವಿಚಾರಕರು ಒಂದು ಸಲ ಹೇಳಿದರು, ಎರಡು ಸಲ ಹೇಳಿದರು, ಆಮೇಲೆ ಬೇರೆಯವರನ್ನು ಕೂರಿಸಿದರು. ಅವಳು ಅದಕ್ಕೆ ಬೇಸರವನ್ನೂ ಮಾಡಿಕೊಳ್ಳಲಿಲ್ಲ. “ನಾನಿನ್ನು ಹಾಡೋಳು ತಾನೇ,” ಎಂದಳು.

ಆಮೇಲೆ ಬಂತು ನೋಡಿ ಗ್ರಹಚಾರ. ರೇಡಿಯೋದವರು ಮಾತಾಡಿಸಲು ಕರೆದಿದ್ದರು. ಎಲ್ಲ ನೆಟ್ಟಗೆ ನಡೆಯುತ್ತಿತ್ತು, ಏನೋ ತಮಾಷೆಗೆ ಇವಳು ಮೈಮರೆತು ನಕ್ಕಳು. ಆ ನಗುವಿನ ಹಿಂದೆಯೇ ತನ್ನ ಹುಟ್ಟು ದನಿಯಲ್ಲಿ ಎರಡು ಮಾತೂ ಆಡಿಬಿಟ್ಟಳು. ಆ ವಾರವೇ ಪತ್ರಿಕೆಯಲ್ಲಿ ಬಂತು: ಕುಣಿಯುವವಳು ಒಬ್ಬಳು, ಹಾಡಿದವಳು ಇನ್ನೊಬ್ಬಳು. ಬಾಯಿಗೆ ಬೀಗ ಯಾರಿಗಿದೆ? ನಿನ್ನೆಯವರೆಗೆ ಕೈ ಕುಲುಕಿದವರೇ ಮಾರನೆಯ ದಿನದಿಂದ, ಎಲ್ಲಿ ಇಲ್ಲೇ ಒಂದು ಸಾಲು ಹಾಡಿ ನೋಡೋಣ ಎಂದು ದಾರಿಯಲ್ಲಿ ಅಡ್ಡ ಹಾಕಿದರು. ಅವಳು ತಲೆ ತಗ್ಗಿಸಿಕೊಂಡು ಮನೆಗೆ ಓಡಿ ಬರುತ್ತಿದ್ದಳು.

ಕಂಪನಿಯಿಂದ ಒಬ್ಬರು ಮನೆಗೆ ಬಂದು, ಕೂತ ಕುರ್ಚಿ ಕಿರುಗುಟ್ಟದ ಹಾಗೆ ನಯವಾಗಿ ಮಾತಾಡಿದರು.

“ನೋಡಮ್ಮ, ದೊಡ್ಡ ಹಾಲ್‌ನಲ್ಲಿ ಪ್ರೋಗ್ರಾಂ ಇಟ್ಟಿದೀವಿ. ಅವತ್ತು ಬರೀ ಮ್ಯೂಸಿಕ್ ಹಾಕ್ತೀವಿ, ದನಿ ನೀನೇ ಕೊಡ್ಬೇಕು. ಕ್ಯಾಸೆಟ್‌ನಲ್ಲಿ ಹೇಗಿದೆಯೋ ಹಾಗೇ. ಜನರ ಬಾಯಿ ತಾನಾಗಿ ಮುಚ್ಚುತ್ತೆ, ನಿನ್ನ ಎರಡನೇ ಹಾಡೂ ಬರುತ್ತೆ. ಆಗ್ಲಿಲ್ಲ ಅಂದ್ರೆ, ನಮಗೆ ಮೋಸ ಆಗಿದೆ ಅಂತ ನಾವೇ ಹೇಳ್ಬೇಕಾಗುತ್ತೆ.”

ಗುಡುಗಿ ತಲೆಯಾಡಿಸಿದಳು. ಅವಳಿಗೆ ಎರಡನೇ ಹಾಡಿನ ಮೇಲೆ ಅಷ್ಟೇನೂ ಆಸೆಯಿರಲಿಲ್ಲ. ಆ ದನಿ ತನ್ನದು, ಅಷ್ಟನ್ನು ಒಪ್ಪಿಸಬೇಕಿತ್ತು. ಹುಟ್ಟಿದಾಗಿನಿಂದ ನಗೆಪಾಟಲಾದವಳಿಗೆ ಜೀವಮಾನದಲ್ಲಿ ಸಿಕ್ಕ ಒಂದು ಚೆಂದದ ವಸ್ತು ಅದು. ಕದ್ದ ಮಾಲು ಎಂದು ಜನ ಬೆರಳು ತೋರಿಸಿದರೆ ಅವಳು ಹೇಗೆ ತಡೆದುಕೊಂಡಾಳು?

ಅಂದಿನಿಂದ ನಮ್ಮ ಮನೆಯಲ್ಲಿ ನೆಮ್ಮದಿ ಎಂಬುದು ಹೋಯಿತು. ಬೆಳಗಾದರೆ ಪ್ಲೇಯರ್ ಮುಂದೆ ಕೂತು ಕ್ಯಾಸೆಟ್ಟಿನ ಜೊತೆ ಹಾಡುವಳು. ‘ಹತ್ತೋರು ಹತ್ಕೊಳ್ಳಿ’ಗೆ ಹೇಗೋ ಹೋಗಿ ಮುಟ್ಟುವಳು. ‘ಹೊರಟೆ’ ಬಂದರೆ ದನಿ ಹರಿದುಹೋಗುತ್ತಿತ್ತು. ಹಿಂದಕ್ಕೆ ತಿರುಗಿಸುವಳು, ಮತ್ತೆ ಹಾಡುವಳು, ಮತ್ತೆ ಹರಿಯುವುದು. ಜೇನುತುಪ್ಪ, ಶುಂಠಿ, ಬಿಸಿನೀರಿನ ಹಬೆ, ಯಾರು ಏನು ಹೇಳಿದರೂ ಮಾಡಿದಳು. ಖಾರ ಬಿಟ್ಟಳು, ಹುಳಿ ಬಿಟ್ಟಳು, ಕೊನೆಗೆ ಊಟವನ್ನೇ ಬಿಡುವ ಹಾಗಾದಳು. ನಾವು ಬೈಯುತ್ತೇವೆಂದು ಬಚ್ಚಲಿಗೆ ಹೋಗಿ, ಬಕೆಟ್ಟಿಗೆ ನಲ್ಲಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಕಿರುಚುತ್ತಿದ್ದಳು. ನೀರು ಬಕೆಟ್ ತುಂಬಿ ಹರಿದು ಬಾಗಿಲ ಕೆಳಗಿನಿಂದ ಹೊರಗೆ ಬರುತ್ತಿತ್ತು.

ಅತ್ತೆ ಎಲ್ಲ ತಮಾಷೆಯನ್ನೂ ಮರೆತರು. “ಬೇಡ ಕಣೆ ಮಗಳೇ, ನಿನ್ನ ಗುಡುಗೇ ನನಗೆ ಚೆನ್ನ,” ಎಂದು ಬಾಗಿಲ ಹೊರಗೆ ನಿಂತು ಬೇಡಿಕೊಂಡರು. ಒಳಗಿನಿಂದ ನೀರಿನ ಸದ್ದಷ್ಟೇ ಬಂತು.

ನಾನು ಹಟ ಹಿಡಿದು ಗಂಟಲಿನ ಡಾಕ್ಟರ ಹತ್ತಿರ ಎಳೆದೊಯ್ದೆ. ಅವರು ಚಿಕ್ಕ ಕನ್ನಡಿ ಇಳಿಸಿ ನೋಡಿ, ಒಳಗೆಲ್ಲ ಊದಿಕೊಂಡಿದೆ, ಗಂಟುಗಳಾಗಿವೆ, ಕೆಲವು ತಿಂಗಳು ಮಾತೇ ಆಡಬಾರದು, ಇನ್ನು ಕಿರುಚಿದರೆ ಒಂದು ದಿನ ರಕ್ತ ಬಂದು ದನಿಯೇ ಹೋಗುತ್ತದೆ ಎಂದರು. ಹಿಂದಿರುಗುವ ದಾರಿಯಲ್ಲಿ ಅವಳು ನನ್ನ ಸೆರಗು ಹಿಡಿದು ನಿಲ್ಲಿಸಿದಳು. ಅಷ್ಟರಲ್ಲಾಗಲೇ ಅವಳ ದನಿ ಮರಳು ಉಜ್ಜಿದ ಹಾಗೆ ಒರಟಾಗಿತ್ತು.

“ಅವತ್ತು ಇತ್ತಲ್ಲ ಅತ್ತಿಗೆ. ಆ ಮೇಲಿನ ಕೋಣೇಲಿ ನಾನೇ ಹಾಡಿದ್ದು. ಒಂದೇ ಸಲಕ್ಕೆ ಬಂತು, ಸ್ವಲ್ಪಾನೂ ಕಷ್ಟ ಆಗ್ಲಿಲ್ಲ. ಒಂದು ದಿನ ಇದ್ದಿದ್ದು ಇನ್ನೊಂದು ದಿನ ಯಾಕೆ ಬರಲ್ಲ? ನಾನೇನು ಪಾಪ ಮಾಡ್ದೆ, ಯಾಕೆ ನನ್ನ ಬಿಟ್ಟು ಹೋಯ್ತು ಅದು?”

ನಾನು ರಸ್ತೆಯ ಮಧ್ಯೆಯೇ ಅವಳನ್ನು ತಬ್ಬಿಕೊಂಡು ಕಣ್ಣೀರು ಹಾಕಿದೆ. ಹಿಂದಿನಿಂದ ಆಟೋದವನು ಹಾರ್ನ್ ಹೊಡೆದು ನಮ್ಮನ್ನು ಪಕ್ಕಕ್ಕೆ ಸರಿಸಿದ.

ಕಾರ್ಯಕ್ರಮದ ದಿನ ಅವಳು ಬೆಳಿಗ್ಗೆಯೇ ಹಾಲ್‌ಗೆ ಹೋದಳು. ಎರಡು ದಿನದಿಂದ ತುಟಿ ಎರಡು ಮಾಡಿರಲಿಲ್ಲ. ದನಿಯನ್ನು ಕೂಡಿಡುತ್ತಿದ್ದೇನೆ ಎಂದು ಕೈಸನ್ನೆ ಮಾಡಿದ್ದಳು. ಉಡುಪು ಸೊಂಟದಲ್ಲಿ ಸಡಿಲವಾಗಿದ್ದರಿಂದ ಅದನ್ನು ಹಿಡಿದು ಹೊಲಿದು, ಇಸ್ತ್ರಿ ಮಾಡಿ, ಸಂಜೆಯೊಳಗೆ ನಾನು ಒಯ್ದು ಕೊಡಬೇಕಿತ್ತು. ಅಷ್ಟು ಇಳಿದುಹೋಗಿದ್ದಳು ಹುಡುಗಿ. ಮುಂದಿನ ಕೋಣೆಯಲ್ಲಿ ಇರುವುದು ಒಂದೇ ಪ್ಲಗ್ಗು, ಅದರಲ್ಲಿ ಇಸ್ತ್ರಿಪೆಟ್ಟಿಗೆ ಕಾಯುತ್ತಿತ್ತು. ಪ್ಲೇಯರನ್ನು ಸೆಲ್ಲಿನ ಮೇಲೆ ಹಾಕಿಕೊಂಡು ಕೂತೆ. ಆ ಹಾಡು ಕೇಳಿದರೆ ಹೊಟ್ಟೆ ಉರಿಯುತ್ತಿತ್ತು, ಆದರೂ ಕೇಳದೆ ಇರಲು ಆಗುತ್ತಿರಲಿಲ್ಲ.

ಅವಳು ತಿಂಗಳುಗಟ್ಟಲೆ ತಿರುಗಿಸಿ ತಿರುಗಿಸಿ ಸೆಲ್ಲುಗಳ ಜೀವ ಮುಗಿಸಿಟ್ಟಿದ್ದಳು. ಹಾಡಿನ ನಡುವೆ ತಾಳ ಜೋಲತೊಡಗಿತು. ಚಪ್ಪಾಳೆ ಸುಸ್ತಾದಂತೆ ಬಿತ್ತು. ಸೆಲ್ಲು ಇಳಿದರೆ ಎಲ್ಲರ ಮನೆಯಲ್ಲೂ ಹೀಗೇ ಆಗುತ್ತದೆ, ನಾನು ತಲೆ ಎತ್ತಲಿಲ್ಲ. ಅಷ್ಟರಲ್ಲಿ ಕೋಣೆಯೊಳಗೆ ಗುಡುಗಿ ಹಾಡಿದಳು.

ಅನುಮಾನವೇ ಇರಲಿಲ್ಲ. ಬೆಂಚಿನ ಮೇಲಿನ ಜನರನ್ನು ಎಬ್ಬಿಸುತ್ತಿದ್ದ ದನಿ. ಬಚ್ಚಲಿನಿಂದ ಟವೆಲ್ ಕೇಳಿದ ದನಿ. ‘ಹೊರಟೆ ಹೊರಟೆ’ ಎಂದು ಸಲೀಸಾಗಿ, ದುಂಡಗೆ, ಗಂಟಲು ಬಿಚ್ಚಿ ಹಾಡುತ್ತಿದ್ದಳು. ಒಂದೊಂದು ಅಕ್ಷರವೂ ಅವಳದೇ. ಸ್ವಲ್ಪ ಹೊತ್ತಿಗೆ ಅದೂ ಎಳೆದು ಎಳೆದು ನಿಂತುಹೋಯಿತು. ನಾನು ಸೆಲ್ಲುಗಳನ್ನು ತೆಗೆದು ಅಂಗೈಯಲ್ಲಿ ಉಜ್ಜಿ ಮತ್ತೆ ಹಾಕಿದೆ, ಮತ್ತೆ ಕೇಳಿದೆ. ಆಮೇಲೆ ಇಸ್ತ್ರಿಪೆಟ್ಟಿಗೆ ಆರಿಸಿ, ಉಡುಪನ್ನು ಚೀಲಕ್ಕೆ ತುರುಕಿ, ಪ್ಲೇಯರನ್ನು ಕಂಕುಳಲ್ಲಿಟ್ಟುಕೊಂಡು ರಿಪೇರಿಯವನ ಮೆಟ್ಟಿಲು ಹತ್ತಿದೆ.

“ಏನು ಮಾಡಿದೀಯಾ ನೀನು ಈ ಹಾಡಿಗೆ?” ಎಂದೆ.

ಅವನು ಸೋಲ್ಡರ್ ಕಡ್ಡಿ ಕೆಳಗಿಟ್ಟು ನನ್ನ ಮುಖ ನೋಡಿದ. “ಏನಿಲ್ಲ ಅಕ್ಕ. ಜಾರೋ ಹುಡುಗ್ರಿಗೆ ಸ್ಪೀಡ್ ಬೇಕು ಅಂದ್ರು. ಮೆಷಿನ್ ಸ್ಕ್ರೂ ಸ್ವಲ್ಪ ತಿರುಗಿಸಿ ಓಡಿಸ್ದೆ. ಟೇಪ್ ಜೋರಾಗಿ ಓಡಿದ್ರೆ ದನೀನೂ ತೆಳ್ಳಗಾಗಿ ಮೇಲೆ ಹೋಗುತ್ತೆ, ಸೆಲ್ ಇಳಿದು ನಿಧಾನ ಆದ್ರೆ ವಾಪಸ್ ಹಾಡಿದ ದನಿಗೇ ಬರುತ್ತೆ. ಕುಣಿಯೋ ಹಾಡಿಗೆ ಎಲ್ರೂ ಮಾಡೋದೇ ಅಲ್ವಾ.”

“ಅವಳಿಗೆ ಹೇಳಿದ್ಯಾ?”

“ಪಾಲಿಶ್ ಮಾಡಿದೀನಿ ಅಂದೆನಲ್ಲ.” ಅವನ ಮುಖ ಬಿಳಿಚಿಕೊಳ್ಳತೊಡಗಿತು. “ಅವಳಿಗೆ ಗೊತ್ತಿಲ್ವಾ? ಹಾಡಿದೋಳು ಅವಳೇ, ಗೊತ್ತಾಗುತ್ತೆ ಅಂದ್ಕೊಂಡಿದ್ದೆ.”

ಅವನ ಮಟ್ಟಿಗೆ ಅದು ನಿತ್ಯದ ಕೆಲಸ, ಹೇಳುವಂಥದ್ದೇ ಅಲ್ಲ. ನಮ್ಮ ಮಟ್ಟಿಗೆ ಪಾಲಿಶ್ ಎಂದರೆ ಚಪ್ಪಾಳೆ, ಗೆಜ್ಜೆ. ಅವನನ್ನು ಬೈಯಲು ಬಾಯಿ ತೆರೆದೆ, ಹೊತ್ತಿರಲಿಲ್ಲ. ಅವನ ಸ್ಕೂಟರಿನಲ್ಲಿ ಹಾಲ್‌ಗೆ ಓಡಿದೆವು.

ಬಣ್ಣ ಹಚ್ಚುವ ಕೋಣೆಯಲ್ಲಿ ಅವಳು ಒಬ್ಬಳೇ ಕುರ್ಚಿಯಲ್ಲಿ ಕೂತು ಕತ್ತಿಗೆ ಬಿಸಿ ಬಟ್ಟೆ ಸುತ್ತಿಕೊಂಡಿದ್ದಳು. ರಿಪೇರಿಯವನು ತಡವರಿಸುತ್ತಾ ಎಲ್ಲವನ್ನೂ ಹೇಳಿದ. ನಾನು ಪ್ಲೇಯರ್ ಹಾಕಿದೆ. ಇಳಿದ ಸೆಲ್ಲಿನಲ್ಲಿ ಅವಳ ದನಿ ಬಂತು. ಕೇಳುತ್ತಾ ಕೇಳುತ್ತಾ ಅವಳು ಬಟ್ಟೆಯನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು.

“ಹಾಗಾದ್ರೆ ಅದು ನನ್ನ ಹತ್ರ ಯಾವತ್ತೂ ಇರ್ಲಿಲ್ಲ,” ಎಂದಳು.

“ಇದ್ದಿದ್ದು ಇದು. ಕೇಳು ಎಷ್ಟು ಚೆನ್ನಾಗಿದೆ.”

“ಇರ್ದೇ ಇದ್ದಿದ್ದನ್ನ ಕಳ್ಕೊಂಡೆ ಅಂತ ಅತ್ತೆನಲ್ಲ ಅತ್ತಿಗೆ.” ಅವಳು ನಕ್ಕಳು, ತನ್ನ ನಿಜದ ನಗು, ಒಡಕು ಬಿದ್ದಿದ್ದರೂ ಅದೇ ನಗು. “ಒಂದು ಸ್ಕ್ರೂ ಜೊತೆ ಜಗಳ ಆಡ್ತಿದ್ದೆ ಇಷ್ಟು ದಿನ.”

ವಾಪಸ್ ಹೋಗೋಣ ಎಂದೆ. ಅವಳು ಒಪ್ಪಲಿಲ್ಲ. ಈಗ ಓಡಿಹೋದರೆ ಕಳ್ಳಿ ಎಂದೇ ಉಳಿಯುತ್ತೇನೆ ಎಂದಳು. ಆಗ ರಿಪೇರಿಯವನೇ ದಾರಿ ತೋರಿಸಿದ. ಹಾಲ್‌ನ ಮ್ಯೂಸಿಕ್ ಮೆಷಿನಿನಲ್ಲೂ ವೇಗದ ತಿರುಗಣೆ ಇರುತ್ತದೆ, ನಾನು ಪಕ್ಕದಲ್ಲಿ ನಿಂತು ಇಳಿಸುತ್ತೇನೆ, ಅವಳು ತನ್ನ ದನಿಯಲ್ಲೇ ಹಾಡಲಿ. ಗುಡುಗಿ ಕಣ್ಣೊರೆಸಿಕೊಂಡು ಉಡುಪಿಗೆ ಕೈ ಚಾಚಿದಳು. ಅವಳ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಕಳೆ ಬಂದಿತ್ತು. ಎಲ್ಲ ಸರಿಹೋಯಿತು ಎಂದೇ ನಾನು ನಂಬಿದೆ.

ಸಂಜೆ ಹಾಲ್ ಕಿಕ್ಕಿರಿದಿತ್ತು. ಮ್ಯೂಸಿಕ್ ಶುರುವಾಯಿತು, ನಿಧಾನವಾಗಿ, ಗಂಭೀರವಾಗಿ. ಗುಡುಗಿ ಮೈಕು ಹಿಡಿದು ಹಾಡಿದಳು. ಅಂಥ ಹಾಡನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಬಸ್ಸು ಹೊರಡುವ ಹಾಡು ನಿಜಕ್ಕೂ ಯಾರೋ ಹೊರಟುಹೋಗುವ ಹಾಡಾಗಿತ್ತು. ನಾನು ಸ್ಟೇಜಿನ ಪಕ್ಕದ ಪರದೆಯಲ್ಲಿ ಮುಖ ಮುಚ್ಚಿಕೊಂಡು ಕಣ್ಣೀರಿಟ್ಟೆ.

ಮೊದಲೆರಡು ಸಾಲು ಮುಗಿದವು. ಆಮೇಲೆ ಹಿಂದಿನ ಸಾಲಿನಿಂದ ಒಂದು ಶಿಳ್ಳೆ ಬಂತು. “ಇವಳಲ್ಲ ಕಣ್ರೋ,” ಎಂದು ಯಾರೋ ಕೂಗಿದರು. “ಗಂಡಸಿನ ದನಿ. ಮೋಸ, ಮೋಸ.” ಕೂಗು ಸಾಲಿನಿಂದ ಸಾಲಿಗೆ ಹಬ್ಬಿತು. ಹುಡುಗರು ಕುರ್ಚಿ ಬಡಿಯತೊಡಗಿದರು. ತನ್ನ ನಿಜದ ದನಿಯಲ್ಲಿ ಹಾಡಿದ್ದಕ್ಕೆ ಅವಳು ಕಳ್ಳಿಯಾದಳು.

ಕಂಪನಿಯವರು ಸೀದಾ ಮೆಷಿನಿನ ಹತ್ತಿರ ಬಂದು, “ಹಾಡು ಕೊಲ್ತಿದ್ದೀಯಲ್ಲೋ,” ಎಂದು ರಿಪೇರಿಯವನನ್ನು ಪಕ್ಕಕ್ಕೆ ತಳ್ಳಿ ತಿರುಗಣೆಯನ್ನು ಮೇಲಕ್ಕೆ ತಿರುಗಿಸಿದರು. ಮ್ಯೂಸಿಕ್ ಓಡತೊಡಗಿತು, ಮೇಲೆ ಹೋಯಿತು, ಕ್ಯಾಸೆಟ್ಟಿನ ಎತ್ತರಕ್ಕೇ ಹೋಗಿ ನಿಂತಿತು. ಮುಂದೆ ‘ಹೊರಟೆ’ ಬರಬೇಕು. ಗುಡುಗಿ ನನ್ನ ಕಡೆ ತಿರುಗಿದಳು. ಬೇಡ, ಬಾ, ಬಂದುಬಿಡು ಎಂದು ನಾನು ಎರಡೂ ಕೈ ಆಡಿಸಿದೆ. ಅವಳು ನೋಡಿದಳು, ಅವಳಿಗೆ ಅರ್ಥವೂ ಆಯಿತು. ಆಮೇಲೆ ಜನರ ಕಡೆಗೆ ತಿರುಗಿ ಕತ್ತು ಎತ್ತಿದಳು.

ಬಂತು. ಕ್ಯಾಸೆಟ್ಟಿನ ದನಿಯೇ ಬಂತು, ಎಳೆಯದು, ತಿಳಿಯಾದದ್ದು. ಇಡೀ ಹಾಲ್ ಅದನ್ನು ಕಿವಿಯಾರೆ ಕೇಳಿತು. ಒಂದೇ ಒಂದು ‘ಹೊರಟೆ’. ಜನ ಎದ್ದು ನಿಂತು ಹುಚ್ಚೆದ್ದು ಚಪ್ಪಾಳೆ ಹೊಡೆದರು, ಆ ಗದ್ದಲದಲ್ಲಿ ಮುಂದಿನ ಸಾಲು ಬರಲೇ ಇಲ್ಲವೆಂಬುದು ಯಾರಿಗೂ ತಿಳಿಯಲಿಲ್ಲ. ಅವಳು ಬಾಯಿ ಆಡಿಸುತ್ತಿದ್ದಳು. ಮೈಕಿನಲ್ಲಿ ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು. ಪರದೆಯ ಹಿಂದೆ ಬಂದು ಅವಳು ಕೆಮ್ಮಿದಾಗ ನನ್ನ ಕೈಯಲ್ಲಿದ್ದ ಕರವಸ್ತ್ರ ಕೆಂಪಾಯಿತು.

ಹಾಡಿದವಳು ಅವಳೇ ಎಂದು ಪತ್ರಿಕೆಯವರು ಒಪ್ಪಿಕೊಂಡು ಒಂದು ಮೂಲೆಯಲ್ಲಿ ಬರೆದರು. ಕಂಪನಿಯವರು ಹೂವಿನ ಗುಚ್ಛ ಕಳಿಸಿದರು, ಎರಡನೇ ಹಾಡಿಗೆ ಬೇರೊಬ್ಬ ಹುಡುಗಿಯನ್ನು ಹುಡುಕಿಕೊಂಡರು. ಡಾಕ್ಟರು ಆಪರೇಶನ್ ಮಾಡಿದರು. ಪಿಸುಮಾತಿಗಿಂತ ಹೆಚ್ಚು ಏನೂ ಹಿಂದಿರುಗಲಿಲ್ಲ. ಮೇಲ್ವಿಚಾರಕರು ಹಳೆಯ ಮುಲಾಜಿಗೆ ಅವಳಿಗೆ ನಿಲ್ದಾಣದಲ್ಲೇ ಲಗೇಜು ಇಡುವ ಕೋಣೆಯಲ್ಲಿ ಕೆಲಸ ಕೊಟ್ಟರು. ಪೆಟ್ಟಿಗೆ ಪಡೆದು ಟೋಕನ್ ಕೊಡುವುದು, ಟೋಕನ್ ಪಡೆದು ಪೆಟ್ಟಿಗೆ ಕೊಡುವುದು; ಅದಕ್ಕೆ ದನಿ ಬೇಕಿಲ್ಲ. ಪೆಟ್ಟಿಗೆ ಇಡಲು ಬರುವವರು ಎಷ್ಟೋ ಸಲ ಅವಳ ಹಾಡನ್ನೇ ಗುನುಗುತ್ತಿರುತ್ತಾರೆ. ಅವಳು ತಲೆ ಎತ್ತುವುದಿಲ್ಲ.

ಅಲ್ಲಿ ಕೂತು ಅವಳು ಒಂದು ಹೊಸ ಅಭ್ಯಾಸ ಮಾಡಿಕೊಂಡಿದ್ದಳು. ಗಡಿಯಾರದಿಂದ, ಟಾರ್ಚಿನಿಂದ ತೆಗೆದು ಬಿಸಾಡಿದ ಹಳೆಯ ಸೆಲ್ಲುಗಳನ್ನು ಕಂಡಕ್ಟರುಗಳಿಂದ ಕೇಳಿ ಪಡೆದು ಮನೆಗೆ ತರುತ್ತಿದ್ದಳು. ಬಿಸ್ಕತ್ತಿನ ಡಬ್ಬಿಯೊಂದು ಅದರಿಂದಲೇ ತುಂಬಿತ್ತು. ಈ ಕಸ ಯಾಕಮ್ಮ ಎಂದು ನಾನು ಒಂದೆರಡು ಸಲ ರೇಗಿದ್ದೆ. ಅವಳು ಡಬ್ಬಿಯ ಮುಚ್ಚಳ ಒತ್ತಿ, ಅದನ್ನು ತನ್ನ ಹಾಸಿಗೆಯ ಕೆಳಗೆ ತಳ್ಳಿದ್ದಳು.

ಒಂದು ಮಧ್ಯಾಹ್ನ ನಾನು ಗಿರಾಕಿಯ ಬಟ್ಟೆ ಕೊಟ್ಟು ಬೇಗ ಹಿಂದಿರುಗಿದೆ. ಗೇಟು ತೆರೆಯುವಾಗಲೇ ಒಳಗಿನಿಂದ ಗುಡುಗಿಯ ದನಿ ಕೇಳಿಸಿತು. ದುಂಡಗೆ, ಗಟ್ಟಿಯಾಗಿ, ಮನೆ ತುಂಬುವ ಹಾಗೆ. ‘ಕಿಟಕಿ ಪಕ್ಕ ನಂದು, ಜಾಗ ಇದ್ರೆ ಕೂತ್ಕೊಳ್ಳಿ.’ ಚೀಲ ಅಂಗಳದಲ್ಲೇ ಬಿತ್ತು. “ಅತ್ತೆ, ಬಂತು, ಅವಳ ದನಿ ಬಂತು,” ಎನ್ನುತ್ತಾ ಚಪ್ಪಲಿ ಕಾಲಲ್ಲೇ ಒಳಗೆ ಓಡಿದೆ.

ಅವಳು ಹಾಸಿಗೆಯ ಮೇಲೆ ಕಾಲು ಮಡಚಿ ಕೂತಿದ್ದಳು. ಮಡಿಲಲ್ಲಿ ಪ್ಲೇಯರಿತ್ತು, ಪಕ್ಕದಲ್ಲಿ ಡಬ್ಬಿ ತೆರೆದಿತ್ತು. ಕಣ್ಣು ಮುಚ್ಚಿಕೊಂಡು, ಕ್ಯಾಸೆಟ್ಟಿನ ಜೊತೆಗೆ, ಒಂದಕ್ಷರವೂ ತಪ್ಪದೆ ಬಾಯಿ ಮಾತ್ರ ಆಡಿಸುತ್ತಿದ್ದಳು. ನಾನು ಬಂದದ್ದು ಗೊತ್ತಾಗಿ ಕಣ್ಣು ತೆರೆದಳು.

ನಾನು ಬಾಗಿಲ ಕಡೆ ತಿರುಗಿ, “ತಾಳು, ಹೊಸ ಸೆಲ್ ತಂದ್ಕೊಡ್ತೀನಿ,” ಎಂದುಬಿಟ್ಟೆ.

ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. “ಹೊಸದು ಬೇಡ ಅತ್ತಿಗೆ,” ಎಂದು ಪಿಸುಗುಟ್ಟಿದಳು. “ಹೊಸದ್ರಲ್ಲಿ ನಾನಿರಲ್ಲ.”

ಅಷ್ಟರಲ್ಲಿ ಹಾಡು ಎಳೆದು ಎಳೆದು ನಿಂತಿತು. ಅವಳು ಡಬ್ಬಿಗೆ ಕೈ ಹಾಕಿ, ಇನ್ನೆರಡು ಹಳೆಯ ಸೆಲ್ಲುಗಳನ್ನು ಆರಿಸಿ, ಅಂಗೈಯಲ್ಲಿ ಉಜ್ಜತೊಡಗಿದಳು. ನಾನು ಅವಳ ಪಕ್ಕದಲ್ಲಿ ಕೂತೆ.